ಅದು ಜಂಬ ಅಲ್ಲ, ಅಂಜಿಕೆ

"ಮೇಡಂ, ಓದಿದ ಜಂಬ ಇವನಿಗೆ. ನೆಂಟರ ಮನೆಗೆ ಬರಲ್ಲ. ಮದುವೆಗೆ ಬಂದ್ರೂ ಮೂಲೇಲಿ ಕೂತು ಫೋನ್ ನೋಡ್ತಾ ಇರ್ತಾನೆ. ಸದಾ ತನ್ನದೇ ಲೋಕ."

ಕೋಲಾರದ ಹತ್ತಿರದ ಹಳ್ಳಿಯಿಂದ ಮಗನನ್ನು ಕರೆತಂದ ತಾಯಿಯ ಮಾತು ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮನಶ್ಶಾಸ್ತ್ರಜ್ಞೆಯಾಗಿ ಈ ದೂರನ್ನು ನಾನು ಮತ್ತೆ ಮತ್ತೆ ಕೇಳುತ್ತೇನೆ.

ತಾಯಿಯನ್ನು ಹೊರಗೆ ಕೂರಿಸಿ ಹುಡುಗನನ್ನು ಕೇಳಿದೆ. ಮದುವೆ ಮನೆಗೆ ಕಾಲಿಟ್ಟ ಕೂಡಲೇ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತದಂತೆ. ಎದೆ ಹೊಡೆದುಕೊಳ್ಳುತ್ತದೆ. ಲೋಟ ಹಿಡಿದರೆ ಕೈ ನಡುಗುವುದು ಕಾಣುತ್ತದೆ ಅಂತ ಕಾಫಿಯನ್ನೇ ಬೇಡ ಅನ್ನುತ್ತಾನೆ. ರಾತ್ರಿ ಮಲಗಿದ ಮೇಲೆ, 'ಆ ಮಾತು ಯಾಕಾದ್ರೂ ಆಡಿದೆನೋ' ಅನ್ನುವ ಕೊರಗು.

ತಾಯಿ ಹೇಳಿದ್ದರಲ್ಲಿ ನಿಜವಿದೆ. ಅವನು ಇಡೀ ಹೊತ್ತು ಯೋಚಿಸುವುದು ತನ್ನ ಬಗ್ಗೆಯೇ. ಆದರೆ ಅದು ತಾನು ಮೇಲು ಅಂತಲ್ಲ, ಎಲ್ಲಿ ನಗೆಪಾಟಲಾಗುತ್ತೇನೋ ಅಂತ. ತಾನೇ ಎಲ್ಲರಿಗಿಂತ ದೊಡ್ಡವನು ಅಂದುಕೊಳ್ಳುವವರೂ ಇದ್ದಾರೆ. ಅದು ಮಿತಿಮೀರಿದಾಗ ವ್ಯಕ್ತಿತ್ವದ ತೊಂದರೆ ಅನ್ನುತ್ತೇವೆ. ಅಂಥವರು ತಾವಾಗಿ ಬರುವುದು ಅಪರೂಪ. ನೊಂದ ಮನೆಯವರು ಬರುತ್ತಾರೆ. ಆ ವಿಷಯ ಬೇರೆ.

ಇಂಥ ಅಂಜಿಕೆ ಬಿಡದೆ ಹೇಗೆ ಕಾಡುತ್ತದೆ ಅನ್ನುವುದನ್ನು 1995ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಚೆನ್ನಾಗಿ ವಿವರಿಸಿದರು. ಜನರ ನಡುವೆ ಹೋದಾಗ ಈ ಅಂಜಿಕೆ ಇರುವವರ ಗಮನ ಒಳಕ್ಕೆ ತಿರುಗುತ್ತದೆ. ಒಳಗಿನ ನಡುಕವನ್ನೇ ನೋಡಿಕೊಂಡು, ಹೊರಗಿನವರಿಗೂ ಅಷ್ಟೇ ಕಾಣುತ್ತಿದೆ ಅಂದುಕೊಳ್ಳುತ್ತಾರೆ. ಎದುರಿಗಿದ್ದವರು ನಗುತ್ತಿದ್ದಾರಾ, ಆಕಳಿಸುತ್ತಿದ್ದಾರಾ ಅನ್ನುವುದು ಕಣ್ಣಿಗೇ ಬೀಳುವುದಿಲ್ಲ. ತಪ್ಪಿಸಿಕೊಳ್ಳಲು ಫೋನ್ ಹಿಡಿಯುತ್ತಾರೆ. ಆ ಫೋನನ್ನು ನೋಡಿ ನೆಂಟರು 'ಜಂಬ' ಅನ್ನುತ್ತಾರೆ. ಅದು ಇವರ ಕಿವಿಗೆ ಬೀಳುತ್ತದೆ. ಅಂಜಿಕೆ ಇನ್ನೂ ಜಾಸ್ತಿ. ನನಗೆ ಬಹಳ ಸಂಕಟವಾಗುವುದು ಇಲ್ಲೇ.

ನಿಜಕ್ಕೂ ಜನ ನಮ್ಮನ್ನು ಅಷ್ಟು ನೋಡುತ್ತಾರಾ? 2000ದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಹಾಕಿಕೊಳ್ಳಲು ಮುಜುಗರವಾಗುವಂಥ ಟೀ ಶರ್ಟ್ ತೊಡಿಸಿ, ಒಬ್ಬೊಬ್ಬ ವಿದ್ಯಾರ್ಥಿಯನ್ನು ಉಳಿದವರು ಕೂತ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಟೀ ಶರ್ಟ್ ತೊಟ್ಟವರು ಊಹಿಸಿದರು. ಗಮನಿಸಿದ್ದು ಅದರ ಅರ್ಧದಷ್ಟು ಜನ.

ಇದನ್ನು ಬಾಯಲ್ಲಿ ಹೇಳಿದರೆ ಹುಡುಗ ನಂಬಲಿಲ್ಲ. ಅವನು ಮಾತಾಡುವುದನ್ನು ಅವನ ಫೋನಿನಲ್ಲೇ ವಿಡಿಯೋ ಮಾಡಿದೆ. ನೋಡುವ ಮೊದಲು, "ಎಷ್ಟು ನಡುಗಿರ್ತೀಯ, ಹತ್ತಕ್ಕೆ ಎಷ್ಟು?" ಅಂತ ಕೇಳಿದೆ. ಒಂಬತ್ತು ಅಂದ. ನೋಡಿದ ಮೇಲೆ ಎರಡು ಅಂದ.

ಆಮೇಲೆ ಕೋಲಾರದ ಟೊಮೆಟೊ ಮಂಡಿಗೆ ಅಪ್ಪನ ಜೊತೆ ಹೋಗಲು ಹೇಳಿದೆ. ಧೈರ್ಯ ತಂದುಕೋ ಅನ್ನಲಿಲ್ಲ. ಅದು ಮತ್ತೆ ತನ್ನನ್ನೇ ನೋಡಿಕೊಳ್ಳುವ ಕೆಲಸ, ಅಲ್ವಾ? ಹರಾಜಿನಲ್ಲಿ 15 ಕೆ.ಜಿ. ಬಾಕ್ಸ್ ಎಷ್ಟಕ್ಕೆ ಶುರುವಾಯಿತು, ಯಾರು ಬೆಲೆ ಏರಿಸಿದರು, ಎಷ್ಟಕ್ಕೆ ನಿಂತಿತು ಅನ್ನುವುದನ್ನು ತಿಳಿದುಕೊಂಡು ಬಾ ಅಂದೆ. ಫೋನ್ ಜೇಬಿನಲ್ಲೇ ಇರಲಿ ಅಂದೆ. ಮೊದಲ ವಾರ ಅರ್ಧಕ್ಕೇ ವಾಪಸ್ ಬಂದ. ಮೂರನೇ ವಾರ ಬೆಲೆಗಳನ್ನೆಲ್ಲ ಒಪ್ಪಿಸಿದ.

ಮನೆಯವರಲ್ಲಿ ನನ್ನ ಬೇಡಿಕೆ ಒಂದೇ. 'ನಾಲ್ಕು ಜನ ಏನಂತಾರೆ' ಅನ್ನುವ ಮಾತನ್ನು ಇಂಥ ಮಕ್ಕಳ ಮುಂದೆ ಆಡಬೇಡಿ. ಅವರು ಆ ನಾಲ್ಕು ಜನರನ್ನು ತಲೆಯಲ್ಲೇ ಹೊತ್ತು ತಿರುಗುತ್ತಿರುತ್ತಾರೆ. ಓದು, ಕೆಲಸ ನಿಂತುಹೋಗುವಷ್ಟಾದರೆ ಕಾಯದೆ ಬನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತಾಡುತ್ತಾರೆ.

ಈ ಹುಡುಗನಿಗೆ ಮದುವೆಮನೆ ಇನ್ನೂ ಬಾಕಿ ಇದೆ. ಮುಂದಿನ ತಿಂಗಳು ಅವನ ಚಿಕ್ಕಪ್ಪನ ಮಗಳ ಮದುವೆ. ಪಂಕ್ತಿಯಲ್ಲಿ ನೀರು ಬಡಿಸುವ ಕೆಲಸ ತಾನೇ ಮಾಡುತ್ತೇನೆ ಅಂದಿದ್ದಾನೆ.