ಓದುಗರ ಪ್ರಶ್ನೆ: 15 ಬಾರ್ ಎಸ್ಪ್ರೆಸೊ ಮಷಿನ್ ತಗೊಳ್ಳಲಾ, 20 ಬಾರ್‌ದಾ?

ಪ್ರಶ್ನೆ: ಮನೆಯಲ್ಲಿ ನಾವಿಬ್ಬರೇ. ಬೆಳಗ್ಗೆ ಇಬ್ಬರಿಗೂ ಕ್ಯಾಪುಚಿನೋ, ಸಂಜೆ ನನಗೊಂದು ಎಸ್ಪ್ರೆಸೊ ಆದರೆ ಸಾಕು. ಕೈಯಲ್ಲಿ 40 ಸಾವಿರ ಇದೆ. ಅಂಗಡಿಯಲ್ಲಿ 15 ಬಾರ್ ಮಷಿನ್ ಇದೆ, 20 ಬಾರ್‌ದೂ ಇದೆ. ಯಾವುದು ತಗೊಳ್ಳಲಿ?

ಉತ್ತರ: ಬಾರ್ ಅಂದರೆ ಒತ್ತಡದ ಅಳತೆ, ಅದನ್ನು ನೋಡಿ ಮಷಿನ್ ಆರಿಸಲೇಬೇಡಿ. ಒತ್ತಡದಲ್ಲಿ ಬಿಸಿ ನೀರು ಹಾಯಿಸಿ ಇಳಿಸುವ ಗಟ್ಟಿ ಕಾಫಿಯಾದ ಎಸ್ಪ್ರೆಸೊಗೆ ಬೇಕಾಗಿರೋದು ಸುಮಾರು 9 ಬಾರ್ ಒತ್ತಡ. ಇಟಲಿಯ ಫೇಮಾ ಕಂಪನಿ 1961ರಲ್ಲಿ ತಂದ ಇ61 ಮಷಿನ್ ಪಂಪಿನಿಂದ ಕೊಡುತ್ತಿದ್ದದ್ದೂ ಅಷ್ಟೇ. ಇವತ್ತಿಗೂ ಹೆಚ್ಚಿನ ಕೆಫೆಗಳು ಅದರ ಆಸುಪಾಸಿನಲ್ಲೇ ಇವೆ. ಡಬ್ಬದ ಮೇಲಿನ 15, 20 ಅನ್ನೋದು ಪಂಪು ಜಾಸ್ತಿ ಅಂದರೆ ಎಷ್ಟು ಒತ್ತಬಲ್ಲದು ಅನ್ನೋ ಲೆಕ್ಕ. ಅಷ್ಟೂ ಒತ್ತಡ ಪುಡಿಯ ಮೇಲೆ ಬಿದ್ದರೆ ರುಚಿ ಕೆಡುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಗ್ರೈಂಡರ್ ಮಾತೇ ಇಲ್ಲ. ನನಗೆ ಚಿಂತೆ ಇರೋದು ಅಲ್ಲೇ. 18 ಗ್ರಾಂ ಪುಡಿ ಹಾಕಿ, 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿಸುವುದು ಸಾಮಾನ್ಯವಾಗಿ ಎಲ್ಲರೂ ಹಿಡಿಯುವ ಅಳತೆ. ಪುಡಿ ಸ್ವಲ್ಪ ತರಿಯಾದರೂ ನೀರು ಹತ್ತೇ ಸೆಕೆಂಡಿನಲ್ಲಿ ಸುರಿದುಬಿಡುತ್ತದೆ. ಬಣ್ಣ ತೆಳು, ರುಚಿ ಹುಳಿ. ತೀರಾ ನುಣ್ಣಗಾದರೆ ಹನಿ ಹನಿಯಾಗಿ ತೊಟ್ಟಿಕ್ಕಿ, ಬಾಯಿಗಿಟ್ಟರೆ ಕಹಿ. ಇದನ್ನು ಸರಿ ಮಾಡೋಕೆ ಗ್ರೈಂಡರಿನಲ್ಲಿ ಒಂದೊಂದೇ ಕ್ಲಿಕ್ ಹಿಂದೆ ಮುಂದೆ ತಿರುಗಿಸಲು ಬರಬೇಕು. ಮಿಕ್ಸಿಯಿಂದ ಇದು ಆಗೋದಿಲ್ಲ, ಅದರಲ್ಲಿ ಅರ್ಧ ಹಿಟ್ಟು, ಅರ್ಧ ನುಚ್ಚು. ಹಾಗಾಗಿ 40 ಸಾವಿರದಲ್ಲಿ ಗ್ರೈಂಡರಿನ ದುಡ್ಡನ್ನು ಮೊದಲೇ ಪಕ್ಕಕ್ಕಿಡಿ. ದಿನಕ್ಕೆ ಮೂರು ಕಪ್ಪಿಗೆ ಕೈಯಲ್ಲಿ ತಿರುಗಿಸುವ ಒಳ್ಳೆಯ ಗ್ರೈಂಡರ್ ಸಾಕು. ಅದೇ ಗುಣಮಟ್ಟದ ಕರೆಂಟಿನ ಗ್ರೈಂಡರಿಗೆ ಬೆಲೆ ಜಾಸ್ತಿ. ಕೊಳ್ಳುವಾಗ ಎಸ್ಪ್ರೆಸೊಗೆ ಬೇಕಾದಷ್ಟು ನುಣ್ಣಗೆ ಬೀಸುತ್ತದಾ ಅಂತ ಕೇಳಿ.

ಇನ್ನು ಮಷಿನ್. ಕಡಿಮೆ ಬೆಲೆಯ ಎಷ್ಟೋ ಮಷಿನ್‌ಗಳ ಜೊತೆ ತಳದಲ್ಲಿ ಒಂದೇ ಸಣ್ಣ ತೂತಿರುವ ಎರಡು ಪದರದ ಬಾಸ್ಕೆಟ್ (ಪುಡಿ ತುಂಬುವ ಬಟ್ಟಲು) ಬರುತ್ತದೆ. ಪುಡಿ ಹೇಗಿದ್ದರೂ ಮೇಲೆ ನೊರೆ ಬರುತ್ತದೆ, ರುಚಿ ಮಾತ್ರ ಅಷ್ಟಕ್ಕಷ್ಟೇ. ತಳದ ತುಂಬಾ ತೂತಿರುವ ಒಂದೇ ಪದರದ ಬಾಸ್ಕೆಟ್ ಹಾಕಲು ಬರುವ ಮಷಿನ್ ತಗೊಳ್ಳಿ. ಕೆಫೆಗಳಲ್ಲಿ ಚಾಲ್ತಿಯಲ್ಲಿರುವ 58 ಮಿಲಿಮೀಟರ್ ಅಳತೆ ಸಿಕ್ಕರೆ ಬಾಸ್ಕೆಟ್, ಪುಡಿ ಒತ್ತುವ ಟ್ಯಾಂಪರ್ ಎಲ್ಲಾ ಸುಲಭವಾಗಿ ಸಿಗುತ್ತವೆ.

ಹಾಲಿನ ವಿಷಯಕ್ಕೆ ಬಂದರೆ, ಒಂದೇ ಬಾಯ್ಲರ್ (ನೀರು ಕಾಯಿಸುವ ಪಾತ್ರೆ) ಇರುವ ಮಷಿನ್ ನಿಮಗೆ ಸಾಕು. ಕಾಫಿ ಇಳಿಸಲು ನೀರು 90-96 ಡಿಗ್ರಿ ಇರಬೇಕು. ಹಾಲಿಗೆ ನೊರೆ ಎಬ್ಬಿಸುವ ಹಬೆಗೆ ಅದಕ್ಕಿಂತ ತುಂಬಾ ಹೆಚ್ಚು ಬಿಸಿ ಬೇಕು. ಹಾಗಾಗಿ ಮೊದಲು ಎರಡೂ ಕಪ್ಪಿಗೆ ಕಾಫಿ ಇಳಿಸಿ, ಆಮೇಲೆ ಹಬೆ ಆನ್ ಮಾಡಿ ಸ್ವಲ್ಪ ಹೊತ್ತು ಕಾಯಬೇಕು. ಇಬ್ಬರಿಗೆ ಇದೇನೂ ಕಷ್ಟವಲ್ಲ. ದಿನಾ ಐದಾರು ಕ್ಯಾಪುಚಿನೋ ಮಾಡುವ ಮನೆಯಾಗಿದ್ದರೆ ಎರಡು ಬಾಯ್ಲರಿನದು ತಗೊಳ್ಳಿ ಅಂತಿದ್ದೆ. ಅದು ನಿಮ್ಮ ಬಜೆಟ್ಟಿಗೂ ಮೀರಿದ್ದು. ಹಾಲನ್ನು ಕಾಯಿಸಿ, ಆರಿಸಿ, ಕೆನೆ ತೆಗೆದು ಫ್ರಿಜ್‌ನಲ್ಲಿಟ್ಟಿರಿ. ತಣ್ಣಗಿದ್ದಷ್ಟೂ ನೊರೆ ಎಬ್ಬಿಸಲು ಟೈಮ್ ಸಿಗುತ್ತದೆ. 60-65 ಡಿಗ್ರಿಗೆ ಹಬೆ ನಿಲ್ಲಿಸಿ. ನಮ್ಮ ಫಿಲ್ಟರ್ ಕಾಫಿಯ ಬಿಸಿಗೆ ಒಗ್ಗಿದವರಿಗೆ ಇದು ಸ್ವಲ್ಪ ಕಡಿಮೆ ಅನ್ನಿಸಬಹುದು.

ಮನೆಗೆ ಬೋರ್‌ವೆಲ್ ನೀರಾ? ಗಡಸು ನೀರು ಹಾಕಿದರೆ ಬಾಯ್ಲರ್ ಒಳಗೆ ಸುಣ್ಣ ಕಟ್ಟುತ್ತದೆ. ಫಿಲ್ಟರ್ ಮಾಡಿದ ನೀರನ್ನೇ ಹಾಕಿ. ಅಂಗಡಿಯವರ ಹತ್ತಿರ ರಬ್ಬರ್ ಗ್ಯಾಸ್ಕೆಟ್ ಬೇಕಾದಾಗ ಸಿಗುತ್ತದಾ, ರಿಪೇರಿ ನಿಮ್ಮ ಊರಲ್ಲೇ ಆಗುತ್ತದಾ ಅಂತಲೂ ವಿಚಾರಿಸಿ.

ಮನೆಯಲ್ಲಿರುವ ಚಿಕೋರಿ ಬೆರೆಸಿದ ಕಾಫಿ ಪುಡಿಯನ್ನು ಇದಕ್ಕೆ ಹಾಕಬೇಡಿ. ಚಿಕ್ಕಮಗಳೂರು, ಕೊಡಗಿನ ಬೀಜಗಳನ್ನೇ ಎಸ್ಪ್ರೆಸೊಗೆ ಹುರಿದು ಮಾರುವವರಿದ್ದಾರೆ. ಹುರಿದ ತಾರೀಕು ಬರೆದಿರುವ ಪ್ಯಾಕೆಟ್ಟೇ ತಗೊಳ್ಳಿ. ಹುರಿದು ವಾರ ಹತ್ತು ದಿನ ಆಗಿದ್ದರೆ ಚೆನ್ನ.

ಬೆಳಗ್ಗೆ ಎದ್ದು ಬೀಜ ಬೀಸುವ, ತೂಗುವ ಕೆಲಸವೇ ಬೇಡ ಅನ್ನಿಸಿದರೆ, ಸಂಕೋಚವಿಲ್ಲದೆ ಒಲೆಯ ಮೇಲಿಟ್ಟು ಕಾಫಿ ಮಾಡುವ ಮೋಕಾ ಪಾಟ್ ತಗೊಳ್ಳಿ. ಅದು ಎಸ್ಪ್ರೆಸೊ ಅಲ್ಲ, ಅಷ್ಟು ಒತ್ತಡ ಅದರಲ್ಲಿ ಹುಟ್ಟುವುದಿಲ್ಲ. ಆದರೆ ಬಿಸಿ ಹಾಲಿಗೆ ಬೆರೆಸಿ ಕುಡಿಯಲು ಗಟ್ಟಿ ಕಾಫಿ ಕೊಡುತ್ತದೆ, 40 ಸಾವಿರದಲ್ಲಿ ಬಹುಪಾಲು ಉಳಿಯುತ್ತದೆ.