ಮಗುವಿನ ಅನ್ನನಾಳಕ್ಕೆ ಹಾಕಿದ ಸ್ಟೆಂಟ್ ಜೀವನಪೂರ್ತಿ ಒಳಗೇ ಇರುತ್ತದೆಯೇ?

ಪ್ರಶ್ನೆ: ಟಾಯ್ಲೆಟ್ ಆ್ಯಸಿಡ್ ಕುಡಿದು ನಮ್ಮ ಮೂರು ವರ್ಷದ ಮಗನ ಅನ್ನನಾಳ ಕಿರಿದಾಗಿದೆ. ಎಂಟು ಬಾರಿ ಬಲೂನ್ ಹಾಕಿ ಹಿಗ್ಗಿಸಿದರೂ ಮತ್ತೆ ಮುಚ್ಚಿಕೊಳ್ಳುತ್ತಿದೆ. ಈಗ ಸ್ಟೆಂಟ್ ಹಾಕೋಣ ಎನ್ನುತ್ತಿದ್ದಾರೆ. ಅವನ ತಾತನಿಗೆ ಹೃದಯದಲ್ಲಿ ಸ್ಟೆಂಟ್ ಇದೆ. ಇವನೂ ಅದನ್ನು ಬದುಕಿರುವವರೆಗೆ ಹೊತ್ತುಕೊಂಡೇ ಇರಬೇಕೇ?

ಉತ್ತರ: ಬೇಕಿಲ್ಲ. ಈ ಉತ್ತರವನ್ನು ಎಷ್ಟನೆಯ ಸಲ ಬರೆಯುತ್ತಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ತಾತನ ಬದಲಿಗೆ ಒಮ್ಮೊಮ್ಮೆ ದೊಡ್ಡಪ್ಪ ಬರುತ್ತಾರೆ, ಪ್ರಶ್ನೆ ಮಾತ್ರ ಅದೇ.

ಹೃದಯದ ರಕ್ತನಾಳದಲ್ಲಿ ಇಡುವುದು ಹೊದಿಕೆಯಿಲ್ಲದ ಲೋಹದ ಜಾಲರಿ. ಕೆಲವು ತಿಂಗಳಲ್ಲಿ ನಾಳದ ಒಳಪೊರೆ ಅದರ ಮೇಲೆ ಬೆಳೆದು, ಜಾಲರಿ ಗೋಡೆಯಲ್ಲೇ ಸೇರಿಹೋಗುತ್ತದೆ. ಅಲ್ಲಿ ನಮಗೆ ಬೇಕಾದದ್ದೂ ಅದೇ. ಅನ್ನನಾಳದಲ್ಲಿ ಹಾಗಾದರೆ ಅನಾಹುತ: ಮಾಂಸ ಜಾಲರಿಯ ಕಣ್ಣುಗಳೊಳಗೆ ತೂರಿ ಬೆಳೆದು ದಾರಿಯನ್ನು ಮತ್ತೆ ಮುಚ್ಚುತ್ತದೆ, ಸ್ಟೆಂಟನ್ನು ಕೀಳಲೂ ಬಿಡುವುದಿಲ್ಲ. ಆದ್ದರಿಂದಲೇ ಮಕ್ಕಳಿಗೆ ಸಾಮಾನ್ಯವಾಗಿ ಪೂರ್ತಿ ಹೊದಿಕೆಯಿರುವ ಸ್ಟೆಂಟನ್ನು ಇಟ್ಟು, ಕೆಲವು ವಾರಗಳ ನಂತರ ಎಂಡೋಸ್ಕೋಪಿಯ ಮೂಲಕ ಹೊರತೆಗೆಯುತ್ತಾರೆ. ಮಗು ಬೆಳೆಯುತ್ತದೆ, ಕೊಳವೆ ಬೆಳೆಯುವುದಿಲ್ಲ. ಬಹಳ ಕಾಲ ಒತ್ತುತ್ತಾ ಕುಳಿತರೆ ಅದು ಗೋಡೆಯನ್ನು ಕೊರೆದು, ಪಕ್ಕದಲ್ಲೇ ಇರುವ ಶ್ವಾಸನಾಳಕ್ಕೋ ಮಹಾಪಧಮನಿಗೋ ತೂತು ಮಾಡಬಹುದು. ಆದ್ದರಿಂದ ತೆಗೆಸುವ ದಿನಾಂಕವನ್ನು ತಪ್ಪಿಸಲೇಬಾರದು. ಪಾಲಿಡಯಾಕ್ಸನೋನ್ ಎಂಬ, ಹೊಲಿಗೆಯ ನೂಲಿಗೂ ಬಳಸುವ ವಸ್ತುವಿನಿಂದ ಮಾಡಿದ ಸ್ಟೆಂಟ್ ಮಾತ್ರ ಸುಮಾರು 3 ತಿಂಗಳಲ್ಲಿ ತಾನೇ ಕರಗಿಹೋಗುತ್ತದೆ.

ಹೊದಿಕೆಯ ನುಣುಪಿಗೂ ಬೆಲೆ ತೆರಬೇಕಾಗುತ್ತದೆ: ಸ್ಟೆಂಟ್ ಜಾರಿ ಹೊಟ್ಟೆಗೆ ಇಳಿಯುವುದು ಸಾಮಾನ್ಯ. ಮೊದಲ ದಿನಗಳಲ್ಲಿ ಎದೆನೋವು, ಓಕರಿಕೆ, ಜೊಲ್ಲು ಇರಬಹುದು. ಉಸಿರಾಟ ಕಷ್ಟವಾದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ. ಸ್ಟೆಂಟ್ ತೆಗೆದ ಮೇಲೆ ನಾಳ ಮತ್ತೆ ಕಿರಿದಾಗುವ ಮಕ್ಕಳೂ ಇದ್ದಾರೆ, ಅವರಿಗೆ ಬಲೂನ್ ಚಿಕಿತ್ಸೆಯೋ ಶಸ್ತ್ರಚಿಕಿತ್ಸೆಯೋ ಬೇಕಾಗಬಹುದು. ಹುಟ್ಟಿನಿಂದಲೇ ತುಂಡಾಗಿದ್ದ ಅನ್ನನಾಳವನ್ನು ಜೋಡಿಸಿದ ಜಾಗದಲ್ಲಿ ಸೋರಿಕೆಯಾದಾಗಲೂ ಅದನ್ನು ಮುಚ್ಚಲು ಸ್ಟೆಂಟ್ ಬಳಸುವುದುಂಟು.

ನೀವು ಕೇಳದಿದ್ದರೂ ಒಂದು ಮಾತು, ಏಕೆಂದರೆ ನಿಮ್ಮ ಅಕ್ಕಪಕ್ಕದ ಮನೆಗಳಲ್ಲೂ ಮಕ್ಕಳಿದ್ದಾರೆ. ಆ್ಯಸಿಡ್ ಕುಡಿದ ಮಗುವಿಗೆ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವವರನ್ನು ಇಂದಿಗೂ ನೋಡುತ್ತೇನೆ. ಇಳಿಯುವಾಗ ಒಮ್ಮೆ ಸುಟ್ಟದ್ದು ಹತ್ತುವಾಗ ಇನ್ನೊಮ್ಮೆ ಸುಡುತ್ತದೆ. ವಾಂತಿ ಮಾಡಿಸದೆ, ಆ ಬಾಟಲಿಯನ್ನೂ ಜೊತೆಗಿಟ್ಟುಕೊಂಡು ನೇರವಾಗಿ ಆಸ್ಪತ್ರೆಗೆ ಹೊರಡಬೇಕು. ಹಳೆಯ ತಂಪುಪಾನೀಯದ ಬಾಟಲಿಗೆ ಸುರಿದಿಟ್ಟದ್ದಾದರೆ, ಅದರಲ್ಲಿ ಇದ್ದದ್ದೇನೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು.