ಪಾಳಿ ಕೆಲಸದವರಿಗೆ ಎಟುಕದ ಸಂಜೆ ತರಗತಿ: ಪೆಟ್ರೋಲಿಯಂ, ಕೆಮಿಕಲ್ ಎಂಜಿನಿಯರಿಂಗ್ ಕೋರ್ಸುಗಳ ಹಿನ್ನೆಲೆ

ನೌಕರಿಯಲ್ಲಿದ್ದುಕೊಂಡೇ ಪೆಟ್ರೋಲಿಯಂ ಅಥವಾ ಕೆಮಿಕಲ್ ಎಂಜಿನಿಯರಿಂಗ್ ಪದವಿ ಪಡೆಯಬಹುದೇ ಎಂದು ಕೇಳುವವರಿಗೆ ಇಂದು ಒಂದೇ ಮಾತಿನ ಉತ್ತರ ಕೊಡುವುದು ಕಷ್ಟ. ಸಂಜೆ ಕೋರ್ಸ್, ಅರೆಕಾಲಿಕ ಕೋರ್ಸ್, ವಾರಾಂತ್ಯದ ಕೋರ್ಸ್, ಆನ್‌ಲೈನ್ ಕೋರ್ಸ್ ಎಂದು ಹೆಸರುಗಳು ಬೆಳೆದಿವೆ. ಇವುಗಳಲ್ಲಿ ಯಾವುದಕ್ಕೆ ವೃತ್ತಿಪರ ಮಾನ್ಯತೆಯಿದೆ, ಯಾವುದು ಬಡ್ತಿಯ ಅರ್ಜಿಗೆ ಲಗತ್ತಿಸಲು ಮಾತ್ರ ಸಾಕು ಎಂಬುದು ಸೇರಿದ ಮೇಲೆಯೇ ಹಲವರಿಗೆ ತಿಳಿಯುತ್ತದೆ. ಈ ಗೊಂದಲ ಇತ್ತೀಚಿನದಲ್ಲ.

ಸಂಜೆ ತರಗತಿಗೂ ತೈಲೋದ್ಯಮಕ್ಕೂ ಇರುವ ನಂಟು ಆಧುನಿಕ ತೈಲಬಾವಿಗಳಿಗಿಂತ ಹಳೆಯದು. ಗ್ಲಾಸ್ಗೋ ನಗರದಲ್ಲಿ ತಂದೆಯ ಬಳಿ ಬಡಗಿ ಕೆಲಸ ಕಲಿಯುತ್ತಿದ್ದ ಜೇಮ್ಸ್ ಯಂಗ್ ಎಂಬ ಯುವಕ 1830ರ ಸುಮಾರಿಗೆ ಅಲ್ಲಿನ ಆಂಡರ್ಸನ್ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಸಂಜೆ ತರಗತಿಗೆ ಹೋಗತೊಡಗಿದ. ಪಾಠ ಹೇಳುತ್ತಿದ್ದ ಥಾಮಸ್ ಗ್ರಹಾಂ ಅವನನ್ನು ತಮ್ಮ ಸಹಾಯಕನನ್ನಾಗಿ ಮಾಡಿಕೊಂಡರು. ಅದೇ ಯಂಗ್ 1850ರಲ್ಲಿ ಕಲ್ಲಿದ್ದಲನ್ನು ನಿಧಾನವಾಗಿ ಕಾಯಿಸಿ ದೀಪಕ್ಕೆ ಬಳಸುವ ಪ್ಯಾರಫಿನ್ ಎಣ್ಣೆ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದು, ಮರುವರ್ಷ ಸ್ಕಾಟ್ಲೆಂಡಿನ ಬಾತ್‌ಗೇಟ್‌ನಲ್ಲಿ ಕಾರ್ಖಾನೆ ಆರಂಭಿಸಿದ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ತನ್ನ ಹೆಸರಾಂತ ತೈಲಬಾವಿ ಕೊರೆದದ್ದು 1859ರಲ್ಲಿ. ಅಂದರೆ ಖನಿಜ ಎಣ್ಣೆಯ ಉದ್ಯಮಕ್ಕೆ ತಳಪಾಯ ಹಾಕಿದವರಲ್ಲೊಬ್ಬ ಹಗಲು ಉಳಿ ಹಿಡಿದು ಸಂಜೆ ಪಾಠ ಕೇಳಿದವನು.

ಮುಂದಿನ ಬೆಳವಣಿಗೆಗಳು ಬೇಗಬೇಗನೆ ಆದವು. 1887ರಲ್ಲಿ ಜಾರ್ಜ್ ಡೇವಿಸ್ ಮ್ಯಾಂಚೆಸ್ಟರ್‌ನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಕುರಿತು ಹನ್ನೆರಡು ಉಪನ್ಯಾಸ ಕೊಟ್ಟರು. 1888ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಂಐಟಿ) ಆ ವಿಷಯದ ಪದವಿ ಪಠ್ಯಕ್ರಮ ಶುರುವಾಯಿತು. 1915ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಪೆಟ್ರೋಲಿಯಂ ಎಂಜಿನಿಯರಿಂಗ್ ಪದವಿ ನೀಡಿತು. ಅದೇ ವರ್ಷ ಅಮೆರಿಕದ ಕೆಮಿಕಲ್ ಎಂಜಿನಿಯರ್ ಆರ್ಥರ್ ಲಿಟಲ್ 'ಯುನಿಟ್ ಆಪರೇಷನ್ಸ್' (ಮೂಲಕ್ರಿಯೆಗಳು) ಎಂಬ ಪರಿಕಲ್ಪನೆ ಮುಂದಿಟ್ಟರು. ಬಟ್ಟಿ ಇಳಿಸುವುದು, ಸೋಸುವುದು, ಒಣಗಿಸುವುದು, ಶಾಖ ದಾಟಿಸುವುದು ಎಲ್ಲ ಕಾರ್ಖಾನೆಗಳಿಗೂ ಸಮಾನವಾದ ಕ್ರಿಯೆಗಳು ಎಂದಾದ ಮೇಲೆ ಅವನ್ನು ಪ್ರಯೋಗಾಲಯದಲ್ಲಿ ಕಲಿಸಲು ಸಾಧ್ಯವಾಯಿತು. ಅಮೆರಿಕದ ಕೆಮಿಕಲ್ ಎಂಜಿನಿಯರುಗಳ ಸಂಸ್ಥೆ 1925ರಲ್ಲಿ ಮಾನ್ಯತೆ ಪಡೆದ ಕಾಲೇಜುಗಳ ಪಟ್ಟಿ ಹೊರಡಿಸಿತು. ಸೋವಿಯತ್ ಒಕ್ಕೂಟ 1958ರ ಶಿಕ್ಷಣ ಸುಧಾರಣೆಯಲ್ಲಿ ಸಂಜೆ ಮತ್ತು ಅಂಚೆ ಶಿಕ್ಷಣಕ್ಕೆ ದೊಡ್ಡ ಪಾಲು ಕೊಟ್ಟಿತು.

ಸಂಜೆ ಕೋರ್ಸುಗಳು ಇಕ್ಕಟ್ಟಿಗೆ ಸಿಲುಕಿದ್ದು ಈ ಪ್ರಯೋಗಾಲಯದಲ್ಲೇ. ಶಾಖ ಮತ್ತು ಶಕ್ತಿಯ ಶಾಸ್ತ್ರವಾದ ಥರ್ಮೊಡೈನಮಿಕ್ಸನ್ನು ರಾತ್ರಿ ಎಂಟು ಗಂಟೆಗೂ ಕಲಿಸಬಹುದು. ಆದರೆ ಬಟ್ಟಿ ಇಳಿಸುವ ಕಾಲಂ (ದ್ರವಗಳ ಮಿಶ್ರಣವನ್ನು ಕಾಯಿಸಿ ಬೇರ್ಪಡಿಸುವ ಎತ್ತರದ ಕೊಳವೆ) ಗಡಿಯಾರ ನೋಡಿ ಕೆಲಸ ಮಾಡುವುದಿಲ್ಲ. ತಳದಲ್ಲಿ ದ್ರವ ಕುದಿಸುವ ರೀಬಾಯ್ಲರ್ ಬಿಸಿಯಾಗಬೇಕು, ಆವಿ ಒಂದೊಂದೇ ತಟ್ಟೆ ದಾಟಿ ಮೇಲೇರಬೇಕು, ಮೇಲೆ ತಣಿದ ದ್ರವ ಮತ್ತೆ ಕೆಳಗಿಳಿಯಬೇಕು. ಉಷ್ಣಮಾಪಕಗಳ ಅಂಕಿ ಅಲುಗಾಡದೆ ನಿಲ್ಲುವವರೆಗೆ ತೆಗೆದ ಮಾದರಿಗೆ ಬೆಲೆಯಿಲ್ಲ. ಹೀಗೆ ಕಾಯುವುದರಲ್ಲೇ ಒಂದೆರಡು ಗಂಟೆ ಹೋಗುತ್ತದೆ. ಆರು ಗಂಟೆಗೆ ಬಂದ ವಿದ್ಯಾರ್ಥಿಗೆ ಅಳತೆ ತೆಗೆಯಲು ಉಳಿಯುವುದು ಅರ್ಧ ಗಂಟೆ. ಪೆಟ್ರೋಲಿಯಂ ಪ್ರಯೋಗಗಳಂತೂ ಇನ್ನೂ ನಿಧಾನ: ಬಾವಿಯಿಂದ ತೆಗೆದ ಶಿಲೆಯ ತುಂಡಿನಲ್ಲಿರುವ ಎಣ್ಣೆಯನ್ನು ದ್ರಾವಕದಿಂದ ತೊಳೆದು ತೆಗೆಯುವುದಕ್ಕೇ ಕೆಲವು ದಿನ ಬೇಕಾಗಬಹುದು. ಹೊತ್ತು ಮೀರಿದ ಮೇಲೆ ಒಬ್ಬರೇ ಪ್ರಯೋಗಾಲಯದಲ್ಲಿ ಇರಬಾರದು ಎಂಬ ನಿಯಮ ಸರಿಯಾದದ್ದೇ. ಆದರೆ ಅದನ್ನು ಪಾಲಿಸಲು ಸಂಜೆಗೂ ಒಬ್ಬ ತಂತ್ರಜ್ಞನನ್ನು ನೇಮಿಸಬೇಕು, ಮತ್ತು ವೆಚ್ಚದ ಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಇಂಥ ಹುದ್ದೆಗೇ.

ಇದಕ್ಕಿಂತ ದೊಡ್ಡ ತೊಡಕು 'ಸಂಜೆ' ಎಂಬ ಊಹೆಯಲ್ಲಿದೆ. ಹಗಲು ದುಡಿದು ಸಂಜೆ ಬಿಡುವಾಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವೇಳಾಪಟ್ಟಿ ಮಾಡಲಾಗಿದೆ. ಕಚ್ಚಾತೈಲ ಶುದ್ಧೀಕರಿಸುವ ರಿಫೈನರಿಯಲ್ಲಿ ಹಗಲು ಮುಗಿಯುವುದೇ ಇಲ್ಲ. ಘಟಕ ಇಪ್ಪತ್ತನಾಲ್ಕು ಗಂಟೆ ಓಡುತ್ತದೆ, ಆಪರೇಟರುಗಳ ಪಾಳಿ ಸರದಿಯಂತೆ ಬದಲಾಗುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಪಾಳಿ ಬದಲಾಗುವ ಕಡೆ ಮೂರು ವಾರಗಳಲ್ಲಿ ಒಂದು ವಾರದ ಸಂಜೆಗಳು ಕಂಟ್ರೋಲ್ ರೂಮಿನಲ್ಲೇ ಕಳೆಯುತ್ತವೆ, ಇನ್ನೊಂದು ವಾರ ರಾತ್ರಿ ಪಾಳಿಗೆ ಹೊರಡುವ ಮುನ್ನ ತರಗತಿಯಲ್ಲಿ ಕಣ್ಣು ಎಳೆಯುತ್ತವೆ. ಸಮುದ್ರದ ಕೊರೆತ ವೇದಿಕೆಯಲ್ಲಿ ಎರಡು ವಾರವೋ ನಾಲ್ಕು ವಾರವೋ ಸತತವಾಗಿ ಇರುವವರಿಗೆ ಸಂಜೆ ತರಗತಿ ಎಂಬ ಮಾತೇ ಅನ್ವಯಿಸದು. ಹಾಗಾಗಿ ಘಟಕವನ್ನು ಕೈಯಾರೆ ನಡೆಸುವವರಿಗಿಂತ ವಿನ್ಯಾಸ ಕಚೇರಿಯ ಸಿಬ್ಬಂದಿಗೇ ಸಂಜೆ ಕೋರ್ಸ್ ಹೆಚ್ಚು ಒದಗುತ್ತದೆ. ವೇಳಾಪಟ್ಟಿ ಮಾಡಿದವರಿಗೆ ಇದು ಉದ್ದೇಶವಾಗಿರಲಿಲ್ಲ. ಆದರೂ ಫಲ ಅದೇ.

ಅರ್ಹತೆಯ ನಿಯಮಗಳೂ ಈ ನಡುವೆ ಬಿಗಿಯಾದವು. 1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋ ರಾಸಾಯನಿಕ ಕಾರ್ಖಾನೆಯಲ್ಲಿ ಬೇಗ ಹೊತ್ತಿಕೊಳ್ಳುವ ಸೈಕ್ಲೊಹೆಕ್ಸೇನ್ ಎಂಬ ರಾಸಾಯನಿಕ ಸೋರಿ ಸ್ಫೋಟಗೊಂಡು 28 ಮಂದಿ ಸತ್ತರು. ಕೆಟ್ಟ ರಿಯಾಕ್ಟರನ್ನು (ರಾಸಾಯನಿಕ ಕ್ರಿಯೆ ನಡೆಯುವ ಪಾತ್ರೆ) ತೆಗೆದು ಆ ಜಾಗದಲ್ಲಿ ಹಾಕಿದ್ದ ತಾತ್ಕಾಲಿಕ ಬದಲಿ ಪೈಪಿಗೆ ಇದ್ದ ನಕ್ಷೆಯೆಂದರೆ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳು. ಅದನ್ನು ಪರಿಶೀಲಿಸಬಲ್ಲ ಅರ್ಹ ಮೆಕ್ಯಾನಿಕಲ್ ಎಂಜಿನಿಯರ್ ಆಗ ಕಾರ್ಖಾನೆಯಲ್ಲಿ ಇರಲಿಲ್ಲ. ಇಂಥ ದುರಂತಗಳ ನಂತರ ಸುರಕ್ಷತೆ ಪಠ್ಯದ ಕಡ್ಡಾಯ ಭಾಗವಾಯಿತು, ಪದವಿಯ ತೂಕ ಹೆಚ್ಚಿತು. ಇದನ್ನು ಆಕ್ಷೇಪಿಸುವಂತಿಲ್ಲ. ಆದರೆ ಪಠ್ಯ ಹಿಗ್ಗಿದಷ್ಟೂ ಅರೆಕಾಲಿಕ ವಿದ್ಯಾರ್ಥಿಯ ವರ್ಷಗಳೂ ಹಿಗ್ಗಿದವು: ನಾಲ್ಕು ವರ್ಷದ ಪದವಿ ಏಳೆಂಟು ವರ್ಷಕ್ಕೆ ಮುಟ್ಟಿತು.

ಏಳೆಂಟು ವರ್ಷ ಎಂದರೆ ತೈಲದ ಬೆಲೆ ಒಮ್ಮೆಯಾದರೂ ತಲೆಕೆಳಗಾಗುವಷ್ಟು ಅವಧಿ. ಬ್ಯಾರೆಲ್‌ಗೆ 100 ಡಾಲರ್ ಮೀರಿದ್ದ 2012ರಲ್ಲಿ ಸೇರಿದವರು 2016ರ ಆರಂಭದ ವೇಳೆಗೆ ಕೋರ್ಸಿನ ಮಧ್ಯದಲ್ಲಿದ್ದಾಗ ಬೆಲೆ 30 ಡಾಲರಿಗಿಂತ ಕೆಳಗಿಳಿದಿತ್ತು. ಎಂಟು ವರ್ಷ ಹಿಡಿದಿದ್ದರೆ ಅವರ ಕೊನೆಯ ಪರೀಕ್ಷೆಯ ಹೊತ್ತಿಗೆ 2020ರ ಏಪ್ರಿಲ್ 20 ಬಂದಿರುತ್ತಿತ್ತು. ಅಂದು ಅಮೆರಿಕದ ಕಚ್ಚಾತೈಲದ ಮೇ ತಿಂಗಳ ಮುಂಗಡ ವ್ಯವಹಾರದ (ಮುಂದೆ ಪಡೆಯುವ ತೈಲಕ್ಕೆ ಇಂದೇ ಬೆಲೆ ಕಟ್ಟುವ ಒಪ್ಪಂದ) ಬೆಲೆ ಬ್ಯಾರೆಲ್‌ಗೆ ಶೂನ್ಯಕ್ಕಿಂತ 37.63 ಡಾಲರ್ ಕೆಳಗೆ ಮುಗಿಯಿತು. ಪೂರ್ಣಾವಧಿ ವಿದ್ಯಾರ್ಥಿ ಒಂದು ಏರಿಳಿತದೊಳಗೆ ಓದು ಮುಗಿಸಬಲ್ಲ. ಸಂಜೆಯ ವಿದ್ಯಾರ್ಥಿ ಏರಿಕೆಯಲ್ಲಿ ಸೇರಿ ಇಳಿತದಲ್ಲಿ ಹೊರಬರುವ ಸಂಭವವೇ ಹೆಚ್ಚು. ಪ್ರವೇಶ ಕುಸಿದಾಗ ಮೊದಲು ಮುಚ್ಚುವುದೂ ಸಣ್ಣ ತರಗತಿಯೇ.

ಆನ್‌ಲೈನ್ ಪಾಠ ಬಂದ ಮೇಲೆ ಪಾಳಿಯ ತೊಡಕು ಬಹುಪಾಲು ಸಡಿಲವಾಗಿದೆ, ಪ್ರಯೋಗಾಲಯದ್ದು ಆಗಿಲ್ಲ. ಕಂಪ್ಯೂಟರಿನಲ್ಲಿ ಘಟಕವನ್ನು ಅನುಕರಿಸುವ ಸಿಮ್ಯುಲೇಟರಿನಲ್ಲಿ ಕಾಲಂ ಕ್ಷಣದಲ್ಲಿ ಸ್ಥಿರವಾಗುತ್ತದೆ, ಅದೇ ಅದರ ಕೊರತೆ. ಹತ್ತು ವರ್ಷ ನಿಜವಾದ ಕಾಲಂ ನಡೆಸಿದ ಆಪರೇಟರನ್ನು ಕಾಲೇಜಿನ ಪುಟ್ಟ ಗಾಜಿನ ಕಾಲಂ ಮುಂದೆ ಕೂರಿಸಿ ಅಂಕ ಕೊಡುವ ಕ್ರಮವಂತೂ ಮರುಯೋಚನೆಗೆ ಅರ್ಹ. ಅಮೆರಿಕದ ನಾರ್ತ್ ಡಕೋಟಾ ವಿಶ್ವವಿದ್ಯಾಲಯ ಕೆಮಿಕಲ್ ಮತ್ತು ಪೆಟ್ರೋಲಿಯಂ ಎಂಜಿನಿಯರಿಂಗ್ ಪಾಠಗಳನ್ನು ದೂರದಿಂದಲೇ ಕಲಿಸಿ, ಪ್ರಯೋಗಗಳಿಗೆ ಮಾತ್ರ ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುವ ಪದ್ಧತಿ ಇಟ್ಟುಕೊಂಡಿದೆ. ಕಾಲಂಗೆ ಬೇಕಾದಷ್ಟು ಹೊತ್ತು ಅಲ್ಲಿ ಸಿಗುತ್ತದೆ. ಪಾಳಿಯಲ್ಲಿರುವವರು ಅದಕ್ಕಾಗಿ ವರ್ಷದ ರಜೆಯನ್ನು ಕೂಡಿಟ್ಟುಕೊಂಡಿರಬೇಕು.